ಮೌನ ಗುರುವಿನ ಸೇವೆಗೆ ಸಿದ್ಧರಾಗಿ: ಅನಾಟಮಿ ಟೆಕ್ನಿಷಿಯನ್ ಆಗಲು 15 ಸೂತ್ರಗಳು

2010ರ ನವೆಂಬರ್‌ನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜೊಂದರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ದೇಹದಾನ ತಂದೆಯದೇ ಇಚ್ಛೆಯಾಗಿತ್ತು. ಅಂದು ಅವರ ಎರಡನೇ ವರ್ಷದ ಪುಣ್ಯತಿಥಿ. ಆ ಮಗನ ಧೈರ್ಯದ ಬಗ್ಗೆ ಪತ್ರಿಕೆಗಳೆಲ್ಲ ಬರೆದವು, ಬರೆಯಲೇಬೇಕಿತ್ತು. ನನಗೆ ಮಾತ್ರ ಅಂದಿನಿಂದಲೂ ಇನ್ನೊಂದು ಸಂಗತಿ ಕಾಡುತ್ತದೆ. ಎರಡು ವರ್ಷ ಆ ದೇಹ ಕೆಡದೆ, ಪಾಠಕ್ಕೆ ಯೋಗ್ಯವಾಗಿ ಉಳಿಯಿತಲ್ಲ, ಆ ವಿದ್ಯೆ ಯಾವುದು? ಅದನ್ನು ಕಲಿತವರು ಯಾರು?

ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಆ ವಿದ್ಯೆಯನ್ನು ದಿನವೂ ಬಳಸುವವರು ಟೆಕ್ನಿಷಿಯನ್‌ಗಳು. ದೇಹವನ್ನು ಕಾಪಾಡುವುದು, ಸ್ಲೈಡು ತಯಾರಿಸುವುದು, ಮ್ಯೂಸಿಯಂ ಜಾಡಿಗಳನ್ನು ನೋಡಿಕೊಳ್ಳುವುದು, ಮೂಳೆಗಳ ಲೆಕ್ಕ ಇಡುವುದು ಎಲ್ಲವೂ ಅವರದೇ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆಯ ಎಷ್ಟೋ ಹುಡುಗ ಹುಡುಗಿಯರು ಪಿಯುಸಿ ಮುಗಿಸಿ 'ಮುಂದೇನು' ಎಂದು ಕೇಳುತ್ತಾರೆ. ಈ ದಾರಿಯೂ ಇದೆ ಎಂದು ಅವರಿಗೆ ಹೇಳುವವರು ಕಡಿಮೆ. ಅವರಿಗಾಗಿ ಈ 15 ಸೂತ್ರಗಳು.

1. ಬುನಾದಿ ಪತ್ರವನ್ನು ಮೊದಲು ಪಡೆಯಿರಿ

ನಮ್ಮಲ್ಲಿ 'ಅನಾಟಮಿ ಟೆಕ್ನಿಷಿಯನ್' ಎಂಬ ಹೆಸರಿನ ಕೋರ್ಸನ್ನೇ ಹುಡುಕುತ್ತ ವರ್ಷ ಕಳೆಯಬೇಡಿ. ಈ ಕೆಲಸಕ್ಕೆ ಬರುವ ಹೆಚ್ಚಿನವರ ದಾರಿ ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ. ಅದರಲ್ಲಿ ಎರಡು ಮೆಟ್ಟಿಲುಗಳಿವೆ. ಒಂದು, ಕರ್ನಾಟಕದ ಪ್ಯಾರಾ ಮೆಡಿಕಲ್ ಬೋರ್ಡ್ ನಡೆಸುವ ಡಿಪ್ಲೊಮಾ, ಅಂದರೆ ಎಲ್ಲರೂ ಕರೆಯುವ ಡಿಎಂಎಲ್‌ಟಿ. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಎಂಎಲ್‌ಟಿ. 1996ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರುವುದು ಜಯನಗರ 4ನೇ 'ಟಿ' ಬ್ಲಾಕ್‌ನಲ್ಲಿ. ದಕ್ಷಿಣ ಬೆಂಗಳೂರಿನವರಿಗೆ ಇದು ಪಕ್ಕದ ಮನೆ ಇದ್ದ ಹಾಗೆ.

2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯನ್ನೂ ತಿಳಿದಿರಿ. ಅದರ ಪ್ರಕಾರ ಟೆಕ್ನಿಷಿಯನ್ ಮಟ್ಟದ ಅರ್ಹತೆಗೆ ಕನಿಷ್ಠ 2000 ಗಂಟೆಗಳ ಕಲಿಕೆ ಬೇಕು, ಅದೂ 2ರಿಂದ 4 ವರ್ಷಗಳಲ್ಲಿ. ಹೆಲ್ತ್‌ಕೇರ್ ವೃತ್ತಿಪರ ಎನಿಸಿಕೊಳ್ಳುವ ಪದವಿಗೆ ಕನಿಷ್ಠ 3600 ಗಂಟೆ. ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಬೋರ್ಡು ಕಂಡರೆ ಈ ಎರಡು ಸಂಖ್ಯೆಗಳನ್ನು ನೆನಪಿಸಿಕೊಂಡು ಮುಂದೆ ನಡೆಯಿರಿ.

2. ಸೇರುವ ಮುನ್ನ ಕಾಲೇಜನ್ನು ಕಣ್ಣಾರೆ ನೋಡಿ

ಮನೆ ಬಾಡಿಗೆಗೆ ಹಿಡಿಯುವಾಗ ನಲ್ಲಿ ತಿರುಗಿಸಿ ನೋಡುತ್ತೇವೆ. ಕೋರ್ಸಿಗೂ ಅಷ್ಟೇ ಎಚ್ಚರ ಬೇಕು. ನಾಲ್ಕು ಪ್ರಶ್ನೆ ಕೇಳಿ. ಈ ವರ್ಷದ ಮಾನ್ಯತೆ ಪತ್ರ ತೋರಿಸುತ್ತೀರಾ? ಊತಕ ಕತ್ತರಿಸುವ ಮೈಕ್ರೊಟೋಮ್ ಯಂತ್ರ ಎಷ್ಟಿದೆ, ವಿದ್ಯಾರ್ಥಿಯ ಕೈಗೆ ಅದು ಸಿಗುತ್ತದೆಯೇ? ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆ? ಅನಾಟಮಿ ವಿಭಾಗಕ್ಕೆ ಪೋಸ್ಟಿಂಗ್ ಹಾಕುತ್ತೀರಾ?

ನಾಲ್ಕನೆಯದನ್ನು ಕೇಳುವವರು ಕಡಿಮೆ, ನಮಗೆ ಬೇಕಾದದ್ದು ಅದೇ. ನಮ್ಮ ಭಾಗದಲ್ಲಿ ಅನಾಟಮಿ ವಿಭಾಗಗಳಿಗೆ ಕೊರತೆಯಿಲ್ಲ. ಬನಶಂಕರಿ 2ನೇ ಹಂತದಲ್ಲಿ 1980ರಲ್ಲಿ ಶುರುವಾದ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಕೋಟೆಯ ಬಳಿ 1955ರ ಬೆಂಗಳೂರು ವೈದ್ಯಕೀಯ ಕಾಲೇಜು, ಬಿಟಿಎಂ ಪಕ್ಕದ ಕೋರಮಂಗಲದಲ್ಲಿ 1963ರ ಸೇಂಟ್ ಜಾನ್ಸ್ ಇವೆ. ದಂತವೈದ್ಯ ಕಾಲೇಜುಗಳಲ್ಲಿಯೂ ಅನಾಟಮಿ ಪಾಠ ಇರುತ್ತದೆ, ಆಯುರ್ವೇದ ಕಾಲೇಜುಗಳಲ್ಲಿ ಅದೇ ವಿಭಾಗಕ್ಕೆ 'ರಚನಾ ಶಾರೀರ' ಎಂದು ಹೆಸರು. ಹಸಿರು ಮಾರ್ಗದ ಮೆಟ್ರೊ ಮೊದಲೇ ಇತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಶುರುವಾಗಿ ಬಿಟಿಎಂನಿಂದ ಆರ್.ವಿ. ರೋಡ್‌ಗೆ ಬಂದು ರೈಲು ಬದಲಿಸುವುದು ಸಲೀಸಾಗಿದೆ. ದೂರದ ನೆಪ ಹೇಳುವ ಕಾಲ ಹೋಯಿತು.

3. ಕೆಲಸದ ನಾಲ್ಕು ಕೋಣೆಗಳನ್ನು ಗುರುತಿಸಿಕೊಳ್ಳಿ

ಅನಾಟಮಿ ವಿಭಾಗವೆಂದರೆ ನಾಲ್ಕು ಕೋಣೆಗಳು. ಎಂಬಾಮಿಂಗ್ ಕೋಣೆಯಲ್ಲಿ ದೇಹವನ್ನು ಸಂರಕ್ಷಿಸುತ್ತಾರೆ. ಡಿಸೆಕ್ಷನ್ ಹಾಲ್‌ನಲ್ಲಿ ವಿದ್ಯಾರ್ಥಿಗಳು ಛೇದಿಸಿ ಕಲಿಯುತ್ತಾರೆ. ಹಿಸ್ಟಾಲಜಿ ಲ್ಯಾಬ್‌ನಲ್ಲಿ ಊತಕದ ಸ್ಲೈಡು ತಯಾರಾಗುತ್ತದೆ. ಮ್ಯೂಸಿಯಂನಲ್ಲಿ ಅಂಗಗಳ ಮಾದರಿಗಳೂ ಮೂಳೆಗಳೂ ಇರುತ್ತವೆ.

ಡಿಎಂಎಲ್‌ಟಿ ಓದಿದವರಿಗೆ ಮೂರನೆಯ ಕೋಣೆಯ ಪರಿಚಯ ಚೆನ್ನಾಗಿರುತ್ತದೆ, ಉಳಿದ ಮೂರು ಹೊಸದು. ಡಿಸೆಕ್ಷನ್ ಹಾಲ್‌ನಲ್ಲಿ ಅಟೆಂಡರ್ ಆಗಿ ವರ್ಷಗಟ್ಟಲೆ ದುಡಿದವರಿಗೆ ಒಂದು, ಎರಡು, ನಾಲ್ಕು ಅಂಗೈ ಗೆರೆಯಷ್ಟು ಪರಿಚಿತ, ಮೂರನೆಯದು ಬೆಟ್ಟದಂತೆ ಕಾಣುತ್ತದೆ. ನಾಲ್ಕು ಕೋಣೆಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ 'ಗೊತ್ತು', 'ನೋಡಿದ್ದೇನೆ', 'ಗೊತ್ತಿಲ್ಲ' ಎಂದು ಪ್ರಾಮಾಣಿಕವಾಗಿ ಬರೆಯಿರಿ. ನಿಮ್ಮ ಪಠ್ಯಕ್ರಮದ ಮೊದಲ ಪುಟ ಅದೇ.

4. ಕಾನೂನು ಗೊತ್ತಿಲ್ಲದೆ ಹೊಸ್ತಿಲು ದಾಟಬೇಡಿ

ದೇಹವೊಂದು ಕಾಲೇಜಿಗೆ ಬರುವುದು ಎರಡು ದಾರಿಯಲ್ಲಿ: ಬದುಕಿದ್ದಾಗಲೇ ದಾನ ಬರೆದುಕೊಟ್ಟವರದು, ವಾರಸುದಾರರಿಲ್ಲದವರದು. ದೇಶದಲ್ಲಿ ಮೊದಲು ಬಂದದ್ದು 1949ರ ಮುಂಬಯಿ ಅನಾಟಮಿ ಕಾಯ್ದೆ. ನಮ್ಮಲ್ಲಿ 1957ರಲ್ಲಿ ಮೈಸೂರು ಅನಾಟಮಿ ಕಾಯ್ದೆ ಬಂತು, ಈಗ ಅದೇ ಕರ್ನಾಟಕ ಅನಾಟಮಿ ಕಾಯ್ದೆ. ಯಾವ ದೇಹವನ್ನು ಯಾರು, ಯಾವ ಸಂಸ್ಥೆಗೆ, ಯಾವ ಕಾಗದಪತ್ರದೊಂದಿಗೆ ಕೊಡಬಹುದು ಎಂಬುದಕ್ಕೆ ಆಧಾರ ಈ ಕಾಯ್ದೆ.

ಇದು ಆಫೀಸಿನವರ ತಲೆನೋವು ಎಂದು ಬಿಡುವಂತಿಲ್ಲ. ರಾತ್ರಿ ಹೊತ್ತು ಆಂಬುಲೆನ್ಸ್ ಬಂದು ನಿಂತಾಗ ಮೊದಲು ಎದುರಾಗುವವರು ನೀವೇ ಆಗಿರಬಹುದು. ಮರಣ ಪ್ರಮಾಣಪತ್ರ, ದಾನಪತ್ರ, ಹತ್ತಿರದ ಸಂಬಂಧಿಕರ ಒಪ್ಪಿಗೆ, ಗುರುತಿನ ದಾಖಲೆ ಇವುಗಳನ್ನು ಪರಿಶೀಲಿಸುವ ಕ್ರಮವನ್ನು ಬಾಯಿಪಾಠ ಮಾಡಿ. ಪೊಲೀಸ್ ಕೇಸು ಇರುವ ದೇಹವನ್ನೂ ಕೆಲವು ಸೋಂಕುಗಳಿರುವ ದೇಹವನ್ನೂ ಕಾಲೇಜುಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಸಂದೇಹ ಬಂದರೆ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ನೀವೇ ತೀರ್ಮಾನಿಸಬೇಡಿ.

5. ಫಾರ್ಮಲಿನ್ ಲೆಕ್ಕದಲ್ಲಿ ತಪ್ಪಬೇಡಿ

ಪರೀಕ್ಷೆಯಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲಿ. ಅಂಗಡಿಯಿಂದ ಬರುವ ಫಾರ್ಮಲಿನ್ ಎಂದರೆ ನೀರಿನಲ್ಲಿ 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್ ಕರಗಿರುವ ದ್ರಾವಣ. ಅದನ್ನೇ ಪೂರ್ಣ ಫಾರ್ಮಲಿನ್ ಎಂದು ಹಿಡಿಯುತ್ತೇವೆ. '10 ಶೇಕಡಾ ಫಾರ್ಮಲಿನ್' ಬೇಕೆಂದರೆ ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಹಾಗೆ ಮಾಡಿದ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸುಮಾರು 4 ಶೇಕಡಾ ಮಾತ್ರ. ಐದು ಲೀಟರ್ ಬೇಕಿದ್ದರೆ 500 ಮಿಲಿ ಫಾರ್ಮಲಿನ್, ನಾಲ್ಕೂವರೆ ಲೀಟರ್ ನೀರು.

ಹಿಸ್ಟಾಲಜಿಗೆ ಬಳಸುವುದು ಬಫರ್ ಸೇರಿಸಿದ ಫಾರ್ಮಲಿನ್. 100 ಮಿಲಿ ಫಾರ್ಮಲಿನ್, 900 ಮಿಲಿ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಬಫರ್ ಏಕೆ ಎಂಬ ಪ್ರಶ್ನೆ ವೈವಾದಲ್ಲಿ ಬರಬಹುದು. ಫಾರ್ಮಲಿನ್ ಇಟ್ಟಲ್ಲೇ ಆಮ್ಲೀಯವಾಗುತ್ತದೆ, ಆಗ ಊತಕದಲ್ಲಿ ಕಂದುಗಪ್ಪು ಕಣಗಳು ಕೂರುತ್ತವೆ ಎಂಬುದು ಉತ್ತರ. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಬಿಳಿ ಮಡ್ಡಿ ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಆ ಬಾಟಲಿಯ ಬಲ ಕುಗ್ಗಿದೆ ಎಂದು ತಿಳಿಯಿರಿ.

6. ಎಂಬಾಮಿಂಗ್ ದ್ರಾವಣದ ಪ್ರತಿ ವಸ್ತುವಿಗೂ ಕಾರಣ ಹೇಳಲು ಕಲಿಯಿರಿ

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ವಿಧಾನವಿದೆ. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಡಬೇಕು. ಆಮೇಲೆ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕು. ಅಂದಿನ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಕೊಳೆಯುವ ಮುಂಚಿನ ಕೆಲವೇ ದಿನ. ಇಂದು ವರ್ಷಗಳು ಸಿಗುತ್ತವೆ.

ಆ ವರ್ಷಗಳನ್ನು ಕೊಡುವ ದ್ರಾವಣದಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಕೆಲಸ. ಫಾರ್ಮಲಿನ್ ಪ್ರೋಟೀನುಗಳನ್ನು ಗಟ್ಟಿಮಾಡಿ ಊತಕವನ್ನು ಇದ್ದಂತೆ ನಿಲ್ಲಿಸುತ್ತದೆ. ಸ್ಪಿರಿಟ್ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಗ್ಲಿಸರಿನ್ ಒಣಗದಂತೆ ತೇವ ಹಿಡಿದಿಡುತ್ತದೆ. ಫೀನಾಲ್ ಅಥವಾ ಥೈಮಾಲ್ ಬೂಸ್ಟು ಬರದಂತೆ ನೋಡಿಕೊಳ್ಳುತ್ತದೆ. ಸೋಡಿಯಂ ಸಿಟ್ರೇಟ್ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚದಂತೆ ತಡೆಯುತ್ತದೆ. ಇವೆಲ್ಲವನ್ನೂ ಹೊತ್ತೊಯ್ಯುವ ಬಂಡಿ ನೀರು. ತೊಡೆಯ ಫೀಮೊರಲ್ ಅಪಧಮನಿಯಲ್ಲೋ ಕುತ್ತಿಗೆಯ ಕೆರೋಟಿಡ್‌ನಲ್ಲೋ ತೂರುನಳಿಕೆ ಹಾಕಿ, ಪಂಪಿನಿಂದಲೋ ಎತ್ತರದಲ್ಲಿಟ್ಟ ಪಾತ್ರೆಯಿಂದಲೋ ದ್ರಾವಣ ಹರಿಸುತ್ತಾರೆ. ವಯಸ್ಕರೊಬ್ಬರ ದೇಹಕ್ಕೆ ಸಾಮಾನ್ಯವಾಗಿ 8ರಿಂದ 10 ಲೀಟರ್ ಹಿಡಿಯುತ್ತದೆ.

ಅವಸರದಲ್ಲಿ ಒತ್ತಡ ಹೆಚ್ಚಿಸಿದರೆ ಸಣ್ಣ ರಕ್ತನಾಳಗಳು ಒಡೆದು ಮುಖ ಊದಿಕೊಳ್ಳುತ್ತದೆ. ಕೊನೆಯಲ್ಲಿ ಬೆರಳ ತುದಿಗಳನ್ನು ಒತ್ತಿ ನೋಡಿ. ಮೆತ್ತಗಿದ್ದರೆ ದ್ರಾವಣ ಅಲ್ಲಿಗೆ ತಲುಪಿಲ್ಲ, ಸೂಜಿಯಿಂದ ಅಲ್ಲಲ್ಲೇ ಚುಚ್ಚಿ ತುಂಬಿ. ಇದನ್ನು ಕಲಿತ ಮೇಲೆ, 1992ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನ ವಾಲ್ಟರ್ ಥೀಲ್ ಪ್ರಕಟಿಸಿದ ಮೃದು ಎಂಬಾಮಿಂಗ್ ಬಗ್ಗೆಯೂ ಓದಿ. ಕೀಲುಗಳು ಬಾಗುವಂತೆ ಉಳಿಸುವ ಈ ವಿಧಾನಕ್ಕೆ ಶಸ್ತ್ರಚಿಕಿತ್ಸೆ ಕಲಿಯುವವರಿಂದ ಬೇಡಿಕೆ ಇದೆ.

7. ನಿಮ್ಮ ಉಸಿರನ್ನೂ ಕಾಪಾಡಿಕೊಳ್ಳಿ

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಸರಾಸರಿ ಮಿತಿ ಗಾಳಿಯ ಹತ್ತು ಲಕ್ಷ ಪಾಲಿಗೆ 0.75 ಪಾಲು. 'ನಮಗೆ ಅಭ್ಯಾಸವಾಗಿದೆ, ವಾಸನೆಯೇ ಗೊತ್ತಾಗಲ್ಲ' ಎಂದು ಹಳಬರು ಹೇಳಿದರೆ ಅದನ್ನು ಶಕ್ತಿ ಎಂದುಕೊಳ್ಳಬೇಡಿ, ಮೂಗು ಎಚ್ಚರಿಸುವುದನ್ನು ನಿಲ್ಲಿಸಿದೆ ಎಂದು ತಿಳಿಯಿರಿ.

ಒಳಗೆ ಹೋಗುವ ಮೊದಲು ಎಕ್ಸಾಸ್ಟ್ ಫ್ಯಾನ್ ಹಾಕಿ. ನೈಟ್ರೈಲ್ ಗ್ಲೌಸ್, ಕಣ್ಣಿಗೆ ಗಾಗಲ್ಸ್, ಏಪ್ರನ್ ಬಿಡಬೇಡಿ. ಸಾಧಾರಣ ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಫಾರ್ಮಾಲ್ಡಿಹೈಡ್‌ಗೆಂದೇ ಮಾಡಿದ ಕಾರ್ಟ್ರಿಜ್ ಮಾಸ್ಕ್ ಬೇಕು. ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲೇ ಇರಲಿ. ಕಣ್ಣು ತೊಳೆಯುವ ನಲ್ಲಿ ಎಲ್ಲಿದೆ ಎಂಬುದನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಕಣ್ಣಿಗೆ ಚಿಮ್ಮಿದರೆ ಹದಿನೈದು ನಿಮಿಷ ನೀರು ಹಾಯಿಸಿ, ಆಮೇಲೆ ವೈದ್ಯರ ಬಳಿ ಓಡಿ. ಮೂವತ್ತು ವರ್ಷ ಮಾಡಬೇಕಾದ ಕೆಲಸವಿದು, ಮೂರು ವರ್ಷಕ್ಕೆ ಶ್ವಾಸಕೋಶ ಸೋಲಬಾರದು.

8. ಸ್ಲೈಡಿನ ಪ್ರತಿ ಹಂತವನ್ನು ಅಡುಗೆಯಂತೆ ಕಲಿಯಿರಿ

ಅಡುಗೆಮನೆಯಲ್ಲಿ ಅಮ್ಮ ಅಳತೆ ನೋಡದೆ ಉಪ್ಪು ಹಾಕುವುದು ನೂರು ಸಲ ಅಳೆದು ಹಾಕಿದ ಮೇಲೆ. ಸ್ಲೈಡಿನ ಹದವೂ ಹಾಗೆಯೇ ಬರುತ್ತದೆ.

ಊತಕದ ತುಂಡನ್ನು ಅದರ ಹತ್ತು ಪಟ್ಟಾದರೂ ಫಾರ್ಮಲಿನ್‌ನಲ್ಲಿ ಮುಳುಗಿಸಿ. ಆಮೇಲೆ ಆಲ್ಕೊಹಾಲ್ ಮೆಟ್ಟಿಲು: 70, 90, ಕೊನೆಗೆ ನೂರು ಶೇಕಡಾ. ನೀರು ಪೂರ್ತಿ ಹೋದ ಮೇಲೆ ಝೈಲಿನ್, ನಂತರ ಕರಗಿದ ಪ್ಯಾರಾಫಿನ್ ಮೇಣ. ಎರಡು 'ಎಲ್' ಆಕಾರದ ಲೋಹದ ತುಂಡು ಜೋಡಿಸಿದ ಅಚ್ಚಿನಲ್ಲಿ ಬ್ಲಾಕ್ ಹಾಕಿ. ರೋಟರಿ ಮೈಕ್ರೊಟೋಮ್‌ನಲ್ಲಿ 5ರಿಂದ 7 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ರಿಬ್ಬನ್ ಬಿಸಿನೀರ ತೊಟ್ಟಿಯ ಮೇಲೆ ಮಡಿಕೆಯಿಲ್ಲದೆ ಹರಡಿಕೊಳ್ಳುವ ಕ್ಷಣ ನೋಡಲು ಬಲು ಚೆಂದ.

ಏಪ್ರಿಲ್ ಬಿಸಿಲಿನಲ್ಲಿ ಮೇಣ ಮೆತ್ತಗಾಗಿ ರಿಬ್ಬನ್ ಕುಗ್ಗುತ್ತದೆ. ಬ್ಲಾಕನ್ನು ಐಸ್ ಮೇಲಿಟ್ಟು ಕತ್ತರಿಸಿ. ಮೂಳೆಯಾದರೆ ಮೊದಲು ಫಾರ್ಮಿಕ್ ಆಮ್ಲದಲ್ಲೋ ಇಡಿಟಿಎಯಲ್ಲೋ ಸುಣ್ಣ ತೆಗೆಯಿರಿ, ಇಲ್ಲದಿದ್ದರೆ ಬ್ಲೇಡು ಹಾಳು, ಬ್ಲಾಕೂ ಹಾಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರು ದಿನದ ಕೆಲಸ ಒಂದು ಅವಸರದ ತಿರುವಿನಲ್ಲಿ ಹೋಗುತ್ತದೆ.

9. ಕೆಟ್ಟ ಸ್ಲೈಡನ್ನು ಎಸೆಯುವ ಮೊದಲು ಓದಿ

ಕತ್ತರಿಸಿದ ಊತಕಕ್ಕೆ ಹಾಕುವ ಬಣ್ಣಗಳಲ್ಲಿ ಹಿಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದುದನ್ನು ಗುಲಾಬಿ ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಬಣ್ಣ ಸರಿ ಬರದಿದ್ದಾಗ ಏಕೆಂದು ಹೇಳಬಲ್ಲವರೇ ಟೆಕ್ನಿಷಿಯನ್.

ಕೇಂದ್ರಗಳು ನೀಲಿಯಾಗದೆ ಕೆಂಪುಗಪ್ಪಾಗಿ ಉಳಿದವೇ? ನಲ್ಲಿ ನೀರಿನಲ್ಲಿ ಸಾಕಷ್ಟು ತೊಳೆದಿಲ್ಲ, ಅಥವಾ ಆ ನೀರಿನಲ್ಲಿ ಕ್ಷಾರ ಕಡಿಮೆ. ಕಾವೇರಿ ನೀರು ಬರುವ ದಿನವೂ ಬೋರ್‌ವೆಲ್ ನೀರು ಬರುವ ದಿನವೂ ಒಂದೇ ಫಲಿತಾಂಶ ಬರಲೇಬೇಕೆಂದಿಲ್ಲ. ಸ್ಲೈಡು ಮಂಜು ಮಂಜಾಗಿದೆಯೇ? ಝೈಲಿನ್‌ಗೆ ಹೋಗುವ ಮುನ್ನ ನೀರು ಉಳಿದಿತ್ತು. ಸಮಾನಾಂತರ ಗೀರು ಬಿದ್ದಿದೆಯೇ? ಬ್ಲೇಡಿನ ಅಂಚು ಮುಕ್ಕಾಗಿದೆ. ಪಟ್ಟೆ ಪಟ್ಟೆಯಾಗಿ ದಪ್ಪ ತೆಳು ಬಂದಿದೆಯೇ? ಬ್ಲಾಕೋ ಬ್ಲೇಡೋ ಸಡಿಲವಾಗಿದೆ. ಗುಳ್ಳೆಗಳಿವೆಯೇ? ಡಿಪಿಎಕ್ಸ್ ಅಂಟು ಹಾಕಿ ಕವರ್‌ಸ್ಲಿಪ್ ಇಳಿಸುವಾಗ ಅವಸರವಾಯಿತು.

ಕೆಟ್ಟ ಸ್ಲೈಡುಗಳಿಗೇ ಒಂದು ಪೆಟ್ಟಿಗೆ ಇಡಿ. ಪ್ರತಿಯೊಂದರ ಮೇಲೆ ಕಾರಣ ಬರೆದಿಡಿ. ಪರೀಕ್ಷೆಯ ಹಿಂದಿನ ವಾರ ಓದಲು ಅದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

10. ಚೀಟಿ ಮೊದಲು, ಕೆಲಸ ಆಮೇಲೆ

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಆರು ಬ್ಲಾಕುಗಳನ್ನು ಚೀಟಿ ಹಾಕದೆ ಟ್ರೇನಲ್ಲಿಟ್ಟು ಬಸ್ಸು ಹಿಡಿಯಲು ಓಡಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ನನಗೆ ಕಲಿಸುತ್ತಿದ್ದ ಹಿರಿಯರು ಬೈಯಲಿಲ್ಲ. "ಇವು ಯಾರದೋ ದೇಹದ್ದಪ್ಪಾ, ಹೆಸರು ಕಳೆದವರು ನಾವು" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನನ್ನ ಕೈ ಹಿಡಿದು ನಿಲ್ಲಿಸುತ್ತದೆ.

ಬಾಟಲಿಗೆ ದ್ರಾವಣ ತುಂಬುವ ಮೊದಲೇ ಅದರ ಹೆಸರು, ಪ್ರಮಾಣ, ತಯಾರಿಸಿದ ದಿನ ಬರೆಯಿರಿ. ಬ್ಲಾಕಿಗೆ ಸಂಖ್ಯೆ ಕೊಟ್ಟು ರಿಜಿಸ್ಟರ್‌ನಲ್ಲಿ ಅದೇ ಸಂಖ್ಯೆ ನಮೂದಿಸಿ. ಚೀಟಿಗೆ ಪೆನ್ಸಿಲ್ ಬಳಸಿ, ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿಹೋಗುತ್ತದೆ. ದೇಹಕ್ಕೆ ಕಟ್ಟುವ ಲೋಹದ ಬಿಲ್ಲೆಯ ಸಂಖ್ಯೆ ರಿಜಿಸ್ಟರಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ಇಬ್ಬರು ನೋಡಿ ಸಹಿ ಮಾಡಿ.

11. ಮ್ಯೂಸಿಯಂಗಳನ್ನು ಪಾಠಶಾಲೆ ಮಾಡಿಕೊಳ್ಳಿ

ಡೇರಿ ಸರ್ಕಲ್ ಹತ್ತಿರದ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅದರ ಹಿಂದೆ 1995ರಲ್ಲಿ ಶುರುವಾದ ಮೆದುಳು ಬ್ಯಾಂಕಿನ ದುಡಿಮೆಯಿದೆ, ಅದನ್ನು ಕಟ್ಟಿ ಬೆಳೆಸಿದವರು ಪ್ರೊ. ಎಸ್.ಕೆ. ಶಂಕರ್. ಜನಸಾಮಾನ್ಯರೂ ಅಲ್ಲಿ ನಿಜವಾದ ಮೆದುಳನ್ನು ಹತ್ತಿರದಿಂದ ನೋಡಬಹುದು. ನೀವು ಹೋದಾಗ ಮೆದುಳಿನ ಜೊತೆ ಜಾಡಿಯನ್ನೂ ನೋಡಿ. ಮುಚ್ಚಳವನ್ನು ಹೇಗೆ ಅಂಟಿಸಿದ್ದಾರೆ? ದ್ರಾವಣ ಎಷ್ಟು ತಿಳಿಯಾಗಿದೆ? ಚೀಟಿ ಎಲ್ಲಿದೆ? ಮಾದರಿ ಯಾವ ದಾರದಲ್ಲಿ ನಿಂತಿದೆ?

ಮ್ಯೂಸಿಯಂ ಜಾಡಿಗಳಿಗೆ ಬಣ್ಣ ಉಳಿಸುವ ಕೈಸರ್ಲಿಂಗ್ ವಿಧಾನ 1890ರ ದಶಕದ್ದು, ಇಂದಿಗೂ ಬಳಕೆಯಲ್ಲಿದೆ. 1977ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಂಥರ್ ಫಾನ್ ಹಾಗೆನ್ಸ್ ರೂಪಿಸಿದ ಪ್ಲಾಸ್ಟಿನೇಷನ್‌ನಲ್ಲಿ ಊತಕದ ನೀರನ್ನು ಅಸಿಟೋನ್‌ನಿಂದ ತೆಗೆದು, ನಿರ್ವಾತದಲ್ಲಿ ಅದರ ಜಾಗಕ್ಕೆ ಸಿಲಿಕೋನ್ ತುಂಬುತ್ತಾರೆ. ವಾಸನೆಯಿಲ್ಲ, ಒದ್ದೆಯಿಲ್ಲ, ಕೈಯಲ್ಲಿ ಹಿಡಿದು ಕಲಿಯಬಹುದು. ಇದರ ಕಾರ್ಯಾಗಾರ ಎಲ್ಲಿ ನಡೆದರೂ ಸೇರಿಕೊಳ್ಳಿ. ಈ ಕೆಲಸ ಬಲ್ಲವರು ವಿಭಾಗಕ್ಕೆ ಆಸ್ತಿ.

12. ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿ

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅನಾಟಮಿಯ ಹೆಸರುಗಳಿಗೆ ಹೆದರುತ್ತಾರೆ. ಹೆದರಬೇಡಿ. ಆ ಹೆಸರುಗಳು ಇಂಗ್ಲಿಷಿನವರಿಗೂ ಸ್ವಂತದವಲ್ಲ, ಹೆಚ್ಚಿನವು ಲ್ಯಾಟಿನ್ ಮತ್ತು ಗ್ರೀಕಿನವು. ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ.

ದಿನಕ್ಕೆ ಹತ್ತು ಪದ ಸಾಕು. 'ಆಸ್ಟಿಯೊ' ಎಂದರೆ ಮೂಳೆ, 'ಮಯೊ' ಎಂದರೆ ಸ್ನಾಯು, 'ಹಿಸ್ಟೊ' ಎಂದರೆ ಊತಕ, 'ಟೋಮ್' ಎಂದರೆ ಕತ್ತರಿಸುವುದು. ಬೇರು ತಿಳಿದರೆ ಮರ ತಾನೇ ತಿಳಿಯುತ್ತದೆ. 'ಮೈಕ್ರೊಟೋಮ್' ಎಂದರೆ ಸಣ್ಣದಾಗಿ ಕತ್ತರಿಸುವುದು ಎಂದು ನೀವೇ ಬಿಡಿಸಿ ಹೇಳುತ್ತೀರಿ. ಮನೆಯಲ್ಲಿ ತಂಗಿಗೋ ಅಜ್ಜಿಗೋ ಆ ದಿನ ಕಲಿತದ್ದನ್ನು ಕನ್ನಡದಲ್ಲಿ ಹೇಳಿ ನೋಡಿ. ಅವರಿಗೆ ಅರ್ಥವಾದರೆ ನಿಮಗೆ ಅರ್ಥವಾಗಿದೆ. ಆಮೇಲೆ ಅದನ್ನೇ ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ, ವೈವಾಕ್ಕೆ ಅಷ್ಟು ಸಾಕು.

13. ತ್ಯಾಜ್ಯದ ಬಣ್ಣಗಳಲ್ಲಿ ಎಂದೂ ತಪ್ಪಬೇಡಿ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ನಾಲ್ಕು ಬಣ್ಣಗಳಿವೆ. ಹಳದಿ ಚೀಲಕ್ಕೆ ಮಾನವ ಊತಕ. ಕೆಂಪಿಗೆ ಗ್ಲೌಸ್, ಪ್ಲಾಸ್ಟಿಕ್ ಕೊಳವೆ. ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಮೈಕ್ರೊಟೋಮ್ ಬ್ಲೇಡು, ಸೂಜಿ. ನೀಲಿಗೆ ಒಡೆದ ಗಾಜು. ಬಳಸಿ ಮುಗಿದ ಫಾರ್ಮಲಿನ್ ಕೂಡ ಹಳದಿ ವರ್ಗದ ರಾಸಾಯನಿಕ ತ್ಯಾಜ್ಯವೇ, ಸಿಂಕಿಗೆ ಸುರಿಯುವಂತಿಲ್ಲ. ಸಂಸ್ಕರಿಸದ ಮಾನವ ಊತಕದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳಬಾರದು. ಇದು ಪರೀಕ್ಷೆಗೆ ಸುಲಭದ ಅಂಕ, ಪೌರಕಾರ್ಮಿಕರಿಗೆ ಜೀವದ ಪ್ರಶ್ನೆ. ನೀವು ತಪ್ಪಾಗಿ ಹಾಕಿದ ಬ್ಲೇಡು ಇನ್ನೊಬ್ಬರ ಅಂಗೈ ಸೀಳುತ್ತದೆ.

14. ದೇಹಕ್ಕೆ ಗೌರವ, ಮನೆಯವರಿಗೆ ಸಮಯ

ಎಂಬಿಬಿಎಸ್ ಮೊದಲ ವರ್ಷದ ಪಠ್ಯದಲ್ಲಿ ಈಗ 'ಮೃತದೇಹವೇ ನಮ್ಮ ಮೊದಲ ಗುರು' ಎಂಬ ಪಾಠವಿದೆ. ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲ ದಿನ ಪ್ರತಿಜ್ಞೆ ಮಾಡುತ್ತಾರೆ. ಅವರದು ಒಂದು ವರ್ಷ, ನಿಮ್ಮದು ಇಡೀ ವೃತ್ತಿ. ಫೋಟೊ ತೆಗೆಯಬೇಡಿ, ತೆಗೆಯಲು ಬಿಡಬೇಡಿ. ತಮಾಷೆ ಮಾತು ಆ ಕೋಣೆಯಲ್ಲಿ ಬೇಡ. ಕೆಲಸ ಮುಗಿದೊಡನೆ ಬಟ್ಟೆ ಹೊದಿಸಿ. ಛೇದನದ ಭಾಗಗಳನ್ನು ಆಯಾ ದೇಹದ ಜೊತೆಗೇ ಇಡಿ, ಕೊನೆಗೆ ಸಂಸ್ಕಾರಕ್ಕೆ ಒಟ್ಟಾಗಿ ಹೋಗಲಿ.

ದಾನಿಯ ಮನೆಯವರು ಬಂದಾಗ ಕುರ್ಚಿ ಕೊಡಿ, ನೀರು ಕೊಡಿ. "ಅಮ್ಮಾ, ಚೆನ್ನಾಗಿ ನೋಡಿಕೊಳ್ಳುತ್ತೇವೆ" ಎಂಬ ಒಂದು ಮಾತನ್ನು ಅವರು ಜೀವನಪೂರ್ತಿ ನೆನಪಿಡುತ್ತಾರೆ. ಆ ಮಾತು ಕೊಟ್ಟ ಮೇಲೆ ಅದರಂತೆ ನಡೆಯಿರಿ.

15. ಅರ್ಹತೆಗೆ ಪುರಾವೆ ಕೂಡಿಸುತ್ತಲೇ ಇರಿ

ಡಿಪ್ಲೊಮಾ ಒಂದು ಕಾಗದ. ಅದರ ಜೊತೆಗೆ ನಿಮ್ಮ ಕೆಲಸದ ದಾಖಲೆ ಇದ್ದರೆ ಅದು ಅರ್ಹತೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಮಾಡಿದ ಕೆಲಸ, ಬಳಸಿದ ಪ್ರಮಾಣ, ಬಂದ ಫಲಿತಾಂಶ, ಮೇಲಿನವರ ಸಹಿ ಹೀಗೆ ಐದು ಕಾಲಂ ಹಾಕಿ. ಸಂದರ್ಶನದಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಮಾತು ತಾನಾಗಿ ಮುಂದುವರಿಯುತ್ತದೆ.

ಬ್ರಿಟನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅನಾಟಮಿಕಲ್ ಸೈನ್ಸಸ್ ಎಂಬ ಸಂಸ್ಥೆ ಈ ವೃತ್ತಿಯವರಿಗೆಂದೇ ಲೈಸೆನ್ಷಿಯೇಟ್, ಮೆಂಬರ್ ಎಂಬ ಹಂತಗಳನ್ನು ಇಟ್ಟಿದೆ. ಅಲ್ಲಿಗೆ ಹೋಗದಿದ್ದರೂ ಅಂಥವರು ಏನೇನು ಕಲಿಯುತ್ತಾರೆ ಎಂದು ತಿಳಿದು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ಇಲ್ಲಿ ಕರ್ನಾಟಕದ ಅನಾಟಮಿ ಶಿಕ್ಷಕರ ಸಮ್ಮೇಳನಗಳು ನಡೆಯುತ್ತವೆ. ಸ್ವಯಂಸೇವಕರಾಗಿಯಾದರೂ ಹೋಗಿ ಹೊಸ ವಿಧಾನಗಳನ್ನು ಕಿವಿಯಾರೆ ಕೇಳಿ. ಪದವಿ ಮುಗಿದ ಮೇಲೆ ಓದುವ ಆಸೆ ಉಳಿದರೆ ಎಂಎಸ್ಸಿ ಮೆಡಿಕಲ್ ಅನಾಟಮಿ ಇದೆ, ಅದರ ಪ್ರವೇಶದ ಅರ್ಹತೆಯನ್ನು ಜಯನಗರದ ವಿಶ್ವವಿದ್ಯಾಲಯದಲ್ಲೇ ವಿಚಾರಿಸಿ.

ಕೊನೆಗೆ ಮತ್ತೆ ಬೆಳಗಾವಿಗೆ ಹೋಗೋಣ. ಮಗ ತಂದೆಯ ದೇಹದ ಮುಂದೆ ನಿಂತಾಗ ವಿದ್ಯಾರ್ಥಿಗಳಿಗೆ ಕಂಡದ್ದು ಸ್ನಾಯು, ನರ, ರಕ್ತನಾಳ. ಎರಡು ವರ್ಷಗಳ ಸಂರಕ್ಷಣೆ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಸರಿಯಾಗಿ ಆಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಈ ವೃತ್ತಿಯಲ್ಲಿ ಕೆಲಸ ಕೆಟ್ಟರೆ ಎಲ್ಲರಿಗೂ ಕಾಣುತ್ತದೆ, ಚೆನ್ನಾಗಿ ಆದರೆ ಪಾಠ ಮಾತ್ರ ಕಾಣುತ್ತದೆ. ಅಂಥ ಕೆಲಸಕ್ಕೆ ಮನಸ್ಸು ಒಪ್ಪುವುದಾದರೆ ನಾಳೆ ಬೆಳಿಗ್ಗೆಯೇ ಜಯನಗರ 4ನೇ ಬ್ಲಾಕಿನ ಯಾವುದಾದರೂ ಅಂಗಡಿಯಲ್ಲಿ ಆ ಇನ್ನೂರು ಪುಟದ ನೋಟ್‌ಬುಕ್ ಕೊಳ್ಳಿ. ಮೊದಲ ಪುಟದಲ್ಲಿ ನಾಲ್ಕು ಕೋಣೆಗಳ ಹೆಸರು ಬರೆಯಿರಿ. ಎಲ್ಲೆಲ್ಲಿ 'ಗೊತ್ತಿಲ್ಲ' ಎಂದು ಬರೆದಿರೋ ಅಲ್ಲಿಂದಲೇ ಶುರು ಮಾಡಿ.